ನೀರುಗಂಟಿ ಚಿಕ್ಕೀರ ಬಿಡಿಸಿದ ಎಕೋ ಒಗಟು

"ಕೇಳ್ರಪ್ಪೋ ಕೇಳಿ. ಹಿರೇಮಡುವಿನ ದೊರೆಮಗಳು ಹೊನ್ನಾಜಮ್ಮಣ್ಣಿಯವರು ಅರಮನೆಯ ಹಾಡುಕೋಣೆಯಲ್ಲಿ ಕಂಪ್ಯೂಟರಿಗೆ ತುಂಬಿದ ಹಾಡು ಕೆಟ್ಟು ಕೂತಿದೆ. ಕೆಟ್ಟ ಬಗೆಯನ್ನು ಮೂರು ಒಗಟಾಗಿ ಕೇಳುತ್ತಾರೆ. ಬಿಡಿಸಿ ಸರಿಮಾಡಿದವನು ಬೇಡಿದ್ದು ಪಡೆಯುತ್ತಾನೆ. ತಪ್ಪಿದವನ ತಲೆ ಹೊತ್ತು ಮುಳುಗುವುದರೊಳಗೆ ಹೋಗುತ್ತದೆ."

ಡಂಗುರ ಸಾರುವಾಗ ಚಿಕ್ಕೀರ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಗದ್ದೆಗೆ ನೀರು ಬಿಡುವ ಮಡೆ ತಿರುಗಿಸುತ್ತಿದ್ದ. ಅವನು ಊರ ನೀರುಗಂಟಿ. ಕೆರೆಯ ನೀರು ಯಾರ ಗದ್ದೆಗೆ ಎಷ್ಟು ಎಂದು ಹಂಚುವವನು. ಅಟ್ಟದ ಮೇಲೆ ಹಳೇ ಕಂಪ್ಯೂಟರಿಟ್ಟು ಊರವರ ಸೋಬಾನೆ ಪದ ತುಂಬಿಕೊಳ್ಳುವುದು ಅವನ ಹುಚ್ಚು. ಗುದ್ದಲಿ ಹೆಗಲಿಗೇರಿಸಿ, "ಹಿರೇಮಡುವಿನಲ್ಲಿ ಕಿವಿ ಅಂತ ಇರೋದು ಎರಡೇ, ಎರಡೂ ನನ್ನವೇ," ಎಂದು ಡಂಗುರದವನಿಗೇ ಹೇಳಿ ಹೊರಟ.

ಹಾಡುಕೋಣೆಯ ಬಾಗಿಲಲ್ಲಿ ತಳವಾರ ಕೊಡಲಿ ಮಸೆಯುತ್ತಿದ್ದ. ಒಳಗೆ ಆಗಲೇ ಇಬ್ಬರಿದ್ದರು: ದಿವಾನರ ಮಗ ವೀರರಾಜ, ಮುತ್ತಿನ ವರ್ತಕನ ಮಗ ಪದ್ಮಯ್ಯ. ಕೆಸರುಗಾಲು ನೋಡಿ ಪದ್ಮಯ್ಯ, "ಇಲ್ಲಿ ನಾಟಿ ಹಾಕೋದಿಲ್ಲ ಕಣಯ್ಯ," ಎಂದ.

"ತಲೆ ಹೋದವರನ್ನ ಹೂಳೋಕೆ ಗುದ್ದಲಿ ಬೇಕಲ್ಲ ಬುದ್ದಿ, ಅದಕ್ಕೇ ತಂದೆ."

ಹೊನ್ನಾಜಮ್ಮಣ್ಣಿ ಮೊದಲ ಒಗಟು ಹಾಕಿದಳು. "ಮೈಕಿನ ಮುಂದೆ ಹಾಡುವವಳು ನಾನೊಬ್ಬಳೇ. ಹೆಡ್‌ಫೋನಿನಲ್ಲಿ ಇಬ್ಬರು ಹಾಡುತ್ತಾರೆ; ಒಬ್ಬಳು ನನ್ನ ಜೊತೆಗೆ, ಇನ್ನೊಬ್ಬಳು ನನ್ನ ಬೆನ್ನಿಗೆ. ಹಿಂದಿನವಳು ಯಾರು?"

"ಯಾರೂ ಇಲ್ಲ, ಕಂಪ್ಯೂಟರು ನಿಧಾನ ಅಷ್ಟೇ. ಬಫರ್ ಇಳಿಸಬೇಕು," ಎಂದ ವೀರರಾಜ. ಬಫರ್ ಎಂದರೆ ಕಂಪ್ಯೂಟರು ಸದ್ದನ್ನು ಹೊರಗೆ ಬಿಡುವ ಮುಂಚೆ ತುಂಬಿಟ್ಟುಕೊಳ್ಳುವ ತೊಟ್ಟಿ. ಅದನ್ನವನು ತೀರಾ ಚಿಕ್ಕದು ಮಾಡಿದ. ಹೊನ್ನಾಜಮ್ಮಣ್ಣಿ ಹಾಡಿ ನೋಡಿದಳು. ಇಬ್ಬರೂ ಹತ್ತಿರ ಬಂದರು, ಒಬ್ಬರಾಗಲಿಲ್ಲ. ತಳವಾರ ಕೊಡಲಿಯನ್ನು ಕಂಕುಳಿಗೆ ಸಿಕ್ಕಿಸಿ ವೀರರಾಜನ ತೋಳು ಹಿಡಿದ.

ಚಿಕ್ಕೀರ ನಕ್ಕ. "ಇಬ್ಬರೂ ನೀವೇ ಅಮ್ಮಣ್ಣಿ. ಮೈಕ್ ಸಿಕ್ಕಿಸಿರೋ ಪೆಟ್ಟಿಗೆ ನಿಮ್ಮ ದನೀನ ನೇರ ಕಿವಿಗೆ ಬಿಡ್ತಾ ಇದೆ. ಅದೇ ದನಿ ಕಂಪ್ಯೂಟರ್ ಸುತ್ಕೊಂಡು ಇನ್ನೊಂದ್ಸಲ ಬರ್ತಾ ಇದೆ. ಒಂದೇ ಗದ್ದೆಗೆ ಎರಡು ಮಡೆ." ಕಂಪ್ಯೂಟರಿನ ಕಡೆಯದನ್ನು ಮುಚ್ಚಿದ. ದನಿ ಒಂದಾಯಿತು.

"ಎರಡನೆಯದು. ಎಕೋ ಇರುವ ಟ್ರ್ಯಾಕಿಗೆ, ದನಿ ಹರಿಯುವ ಆ ಬೇರೆ ಸಾಲಿಗೆ, ನನ್ನ ದನಿ ಕಳಿಸಿದ್ದೇನೆ. ಅಲ್ಲಿ ದನಿ ಬಂದದ್ದನ್ನು ತೋರುವ ದೀಪ ಕುಣಿಯುತ್ತದೆ, ಕಿವಿಗೆ ಎಕೋ ಬರುವುದಿಲ್ಲ. ಹೋದದ್ದು ಎಲ್ಲಿ ಉಳಿಯಿತು?"

"ಕಳಿಸಿದ್ದು ಸಾಲದು," ಎಂದ ಪದ್ಮಯ್ಯ ದನಿ ಕಳಿಸುವ ಅಳತೆಯನ್ನು ತುದಿಗೇರಿಸಿದ. ದೀಪ ಕೆಂಪಾಯಿತು. ಎಕೋ ಬರಲಿಲ್ಲ. ತಳವಾರನ ಇನ್ನೊಂದು ಕೈಗೂ ಕೆಲಸ ಸಿಕ್ಕಿತು.

ಚಿಕ್ಕೀರ ದನಿ ಹೋದ ದಾರಿಯನ್ನೇ ಬೆರಳಿಟ್ಟು ಹುಡುಕಿದ. "ಒಳಮಡೆ ತೆಗೆದಿದ್ದೀರಿ, ಹೊರಮಡೆ ಕಟ್ಟಿದೆ. ಎಕೋ ಟ್ರ್ಯಾಕಿನಿಂದ ಮುಂದಕ್ಕೆ ದಾರಿಯೇ ಇಲ್ಲ." ಅಳತೆ ಇಳಿಸಿ, ಆ ಟ್ರ್ಯಾಕನ್ನು ಕಿವಿಗೆ ಹೋಗುವ ಮುಖ್ಯ ಟ್ರ್ಯಾಕಿಗೆ ಸೇರಿಸಿದ. ಗುಡ್ಡಕ್ಕೆ ಬಡಿದು ಬಂದಂತೆ ಎಕೋ ಕೇಳಿಸಿತು.

ಹೊತ್ತು ಇಳಿಯುತ್ತಿತ್ತು. "ಕೊನೆಯದು," ಎಂದಳು ಹೊನ್ನಾಜಮ್ಮಣ್ಣಿ. "ಹಾಡಿಗೆ ಇಪ್ಪತ್ತು ಟ್ರ್ಯಾಕು. ಒಂದೊಂದಾಗಿ ಬಿಟ್ಟರೆ ಹರಿಯುತ್ತವೆ, ಒಟ್ಟಿಗೆ ಬಿಟ್ಟರೆ ತೊದಲುತ್ತವೆ. ನಾಲಿಗೆ ಹಿಡಿದವರು ಯಾರು?"

"ಇದೂ ಒಂದು ಒಗಟಾ? ಒಂದೊಂದು ಟ್ರ್ಯಾಕಿಗೂ ಬೇರೆಬೇರೆ ಎಕೋ ಹಾಕಿದ್ದೀರಿ. ಗದ್ದೆಗೊಂದು ಕೆರೆ ಕಟ್ಟಿಸಿದ ಹಾಗೆ. ಕಂಪ್ಯೂಟರಿಗೆ ಉಸಿರೆಲ್ಲಿ?" ಎಂದ ಚಿಕ್ಕೀರ ಅವನ್ನೆಲ್ಲ ಕಿತ್ತು, ಇಪ್ಪತ್ತನ್ನೂ ಆ ಒಂದೇ ಎಕೋ ಟ್ರ್ಯಾಕಿಗೆ ತಿರುಗಿಸಿದ. "ಕೇಳ್ಕೊಳ್ಳಿ."

ಹಾಡು ಎರಡು ಸಾಲು ಹರಿಯಿತು. ಮೂರನೆಯದಕ್ಕೆ ಚಟಚಟ ಎಂದು ತೊದಲಿತು.

"ಬಾಪ್ಪ," ಎಂದ ತಳವಾರ, ಮೆಲ್ಲಗೆ.

ಚಿಕ್ಕೀರ ದನಿಯ ದಾರಿಯ ಮೇಲೆ ಮತ್ತೆ ಬೆರಳಾಡಿಸಿದ. ಎಲ್ಲಿ? ಕೆರೆ ಒಂದೇ, ಕಾಲುವೆ ಸರಿ, ಮಡೆ ಸರಿ. ಆದರೂ ನೀರು ಕಡಿದು ಕಡಿದು ಬರುವುದು ಯಾವಾಗ? ತೊಟ್ಟಿ ತುಂಬುವ ಮೊದಲೇ ಬರಿದಾದಾಗ. ಅವನು ತಟ್ಟನೆ ವೀರರಾಜನ ಮುಖ ನೋಡಿದ. ಇವನು ಇಳಿಸಿದ್ದ ತೊಟ್ಟಿ. ನಗುವ ಭರದಲ್ಲಿ ತಾನು ಅದನ್ನು ಹಾಗೇ ಬಿಟ್ಟಿದ್ದ.

"ಒಂದು ಗಳಿಗೆ ತಾಳಣ್ಣ," ಎಂದು ಬಫರನ್ನು ದೊಡ್ಡದು ಮಾಡಿದ. "ಹಾಡುವಾಗ ತೊಟ್ಟಿ ಚಿಕ್ಕದಿರಬೇಕು, ದನಿ ತಡವಾಗಬಾರದು. ಕೇಳುವಾಗ ದೊಡ್ಡದಿರಬೇಕು, ತಡವಾದರೂ ಕಡಿಯಬಾರದು. ನಾಲಿಗೆ ಹಿಡಿದವರು ಇಬ್ಬರು ಅಮ್ಮಣ್ಣಿ: ಎಕೋಗಳ ಹೊರೆ ಒಬ್ಬ, ಈ ಚಿಕ್ಕ ತೊಟ್ಟಿ ಇನ್ನೊಬ್ಬ. ಒಬ್ಬನನ್ನ ಮರೆತಿದ್ದೆ, ತಪ್ಪು ನನ್ನದೇ."

ಇಪ್ಪತ್ತು ಟ್ರ್ಯಾಕೂ ಒಂದೇ ಹೊಳೆಯಾಗಿ ಕೊನೆಯ ಸಾಲಿನವರೆಗೆ ಹರಿದವು. ತಳವಾರ ಒಂದು ತೋಳು ಬಿಟ್ಟು, ಕಂಕುಳ ಕೊಡಲಿಯನ್ನು ಗೋಡೆಗೊರಗಿಸಿದ.

"ಏನು ಬೇಕು? ಅರ್ಧ ರಾಜ್ಯವೇ?" ಎಂದು ದೊರೆಮಗಳು ಕೇಳಿದಳು.

"ಅದಕ್ಕೆಲ್ಲ ನೀರು ಹಾಯಿಸೋನು ನಾನೇ ತಾನೆ, ಅದು ಬೇಡ ಅಮ್ಮಣ್ಣಿ. ಈ ಇಬ್ಬರ ತಲೆ ಕೊಡಿ. ಕತ್ತಿನ ಮೇಲೆ ಇರೋ ಹಾಗೇ."

ಹೊನ್ನಾಜಮ್ಮಣ್ಣಿ ಮೊದಲ ಸಲ ನಕ್ಕಳು. ತಲೆಗಳನ್ನು ಕೊಟ್ಟಳು, ಮೇಲೆ ಕೇಳದ ಒಂದು ಹುದ್ದೆಯನ್ನೂ ಕೊಟ್ಟಳು, ಹಾಡುಕೋಣೆಯ ಸದ್ದುಗಂಟಿ. ಚಿಕ್ಕೀರ ಗುದ್ದಲಿಯನ್ನು ಪದ್ಮಯ್ಯನ ಕೈಗಿಟ್ಟ.

"ಊರಿಗೊಬ್ಬ ನೀರುಗಂಟಿ ಬೇಕು ಬುದ್ದಿ. ಹೊರಮಡೆ ತೆಗೆಯೋದು ಮರೀಬೇಡಿ."