ಬೆನ್ನಿನಿಂದ ಬಿದ್ದ ಏಟು

"ಗುಡ್ಡದ ಹಟ್ಟಿಯಲ್ಲಿರುವ ಬಾಗುಗತ್ತಿಗಳೆಲ್ಲ ಹುಣ್ಣಿಮೆಯೊಳಗೆ ಅರಮನೆಗೆ ಬಂದು ಬೀಳತಕ್ಕದ್ದು! ಅದು ಕೊಲ್ಲುವ ಆಯುಧ. ಅಲ್ಲ ಎನ್ನುವವರು ಬಂದು ದೊರೆಯ ಮೂರು ಒಗಟು ಬಿಡಿಸಲಿ. ಬಿಡಿಸಿದವರು ಬೇಡಿದ್ದು ಕೊಡಲಾಗುವುದು. ತಪ್ಪಿದವರ ತಲೆ ಅದೇ ಕತ್ತಿಗೆ!"

ಹೀಗೆಂದು ಬಿದಿರೂರಿನ ದೊರೆ ವೀರಮಲ್ಲ ಡಂಗುರ ಹೊಡೆಸಿದ. ಗುಡ್ಡದವರ ಮುತ್ತಜ್ಜಂದಿರು ಆ ಕತ್ತಿ ಹಿಡಿದು ಕಾದಾಡಿದ್ದು ನಿಜ. ಈಗಿನವರು ಅದರಲ್ಲಿ ಸೌದೆ ಸೀಳುತ್ತಿದ್ದರು, ಬಿದಿರು ಕಡಿಯುತ್ತಿದ್ದರು, ಮೀನು ಹೆಚ್ಚುತ್ತಿದ್ದರು. ಆದರೆ ಗುಡ್ಡದವರು ಮತ್ತೆ ಕತ್ತಿ ಎತ್ತುತ್ತಾರೆಂದು ಯಾರೋ ಚಾಡಿ ಹೇಳಿದ್ದರು, ದೊರೆಯ ನಿದ್ದೆ ಕೆಟ್ಟಿತ್ತು. ಹುಣ್ಣಿಮೆಯವರೆಗೂ ಕಾಯದೆ ಸೈನಿಕರು ಹಟ್ಟಿಗೆ ನುಗ್ಗಿ, ಗೋಡೆಗೆ ಸಿಕ್ಕಿಸಿದ್ದ ಕತ್ತಿಗಳನ್ನೆಲ್ಲ ಬಾಚಿಕೊಂಡು ಹೋದರು.

ಚೌಡಿಯ ಮನೆಯ ಕತ್ತಿಯೂ ಹೋಯಿತು. ಅದು ಅವಳ ಅಜ್ಜಿ, ಸೂಲಗಿತ್ತಿ ಈರವ್ವನದು. ಹಟ್ಟಿಯಲ್ಲಿ ಹುಟ್ಟಿದ ಪ್ರತಿ ಕೂಸಿನ ಹೊಕ್ಕುಳಬಳ್ಳಿಯನ್ನು ಆ ಕತ್ತಿಯಲ್ಲೇ, ಕುದಿಯುವ ನೀರಿನಲ್ಲಿ ಅದ್ದಿ, ಕೊಯ್ಯುವುದು ವಾಡಿಕೆ. ಅಜ್ಜಿ ತೀರಿಕೊಂಡ ಮೇಲೆ ಆ ಕೆಲಸ ಚೌಡಿಗೆ ಬಂದಿತ್ತು. ಈಗ ಅವಳ ಅಕ್ಕನಿಗೇ ದಿನ ತುಂಬಿತ್ತು.

"ಇವತ್ತೋ ನಾಳೆಯೋ ಅನ್ನೋ ಹಾಗಿದೀನಿ. ಅಜ್ಜಿ ಕತ್ತಿ ಇಲ್ದೆ ಹೆಂಗೇ?" ಎಂದು ಅಕ್ಕ ಅತ್ತಳು.

ಚೌಡಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. "ಸುಮ್ನಿರಕ್ಕ. ನಮ್ಮ ಕತ್ತಿ ನಾನೇ ತತ್ತೀನಿ" ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟಳು.

ಅವಳು ಆಸ್ಥಾನಕ್ಕೆ ಕಾಲಿಟ್ಟಾಗ ಅಂಗಳದಲ್ಲಿ ಕತ್ತಿಗಳ ರಾಶಿ ಬಿದ್ದಿತ್ತು. ದೊರೆಯ ಮುಂದೆ ದಳವಾಯಿಯ ಮಗ ಮೀಸೆ ತಿರುವುತ್ತ ನಿಂತಿದ್ದ. ಗೆದ್ದರೆ ಅರ್ಧ ರಾಜ್ಯವನ್ನೇ ಬೇಡುವುದೆಂದು ಅವನ ಲೆಕ್ಕ.

ದೊರೆ ಮೊದಲ ಒಗಟು ಹೇಳಿದ: "ಏಟು ಬಿದ್ದದ್ದು ಬೆನ್ನಿನಿಂದ. ಒಂದೇ ಏಟಿಗೆ ತಲೆ ಎರಡು ಹೋಳಾಯಿತು. ಆದರೂ ಹೊಡೆದವರನ್ನು ಯಾರೂ ಹೇಡಿ ಎನ್ನಲಿಲ್ಲ. ಯಾರದು ಆ ತಲೆ?"

"ಓಡಿಹೋಗುತ್ತಿದ್ದ ಶತ್ರುವಿನದು, ಪ್ರಭು!" ಎಂದ ದಳವಾಯಿಯ ಮಗ.

"ಓಡುವವನ ಬೆನ್ನಿಗೆ ಹೊಡೆಯುವವನೇ ಹೇಡಿ. ಕಟ್ಟಿಹಾಕಿ ಇವನನ್ನು."

ಆಸ್ಥಾನದ ಪಂಡಿತ ಮುಂದೆ ಬಂದ. ಅವನಿಗೂ ಆಸೆ. "ಅದು ರಾಹುವಿನ ತಲೆ, ಮಹಾಪ್ರಭು."

"ರಾಹುವಿನ ತಲೆ ಹೋಳಾಗಲಿಲ್ಲ, ಮುಂಡದಿಂದ ಬೇರೆಯಾಯಿತು. ಪುರಾಣ ಹೇಳಿ ಹೊಟ್ಟೆ ಹೊರೆಯುವವರಿಗೆ ಇಷ್ಟೂ ಗೊತ್ತಿಲ್ಲವೇ?" ಪಂಡಿತನನ್ನೂ ದಳವಾಯಿಯ ಮಗನನ್ನೂ ಒಂದೇ ಹಗ್ಗದಲ್ಲಿ ಕಂಬಕ್ಕೆ ಬಿಗಿದರು. ಪಂಡಿತನ ಹಲ್ಲು ಕಟಕಟ ಎನ್ನುವುದು ಸಭೆಗೆಲ್ಲ ಕೇಳಿಸುತ್ತಿತ್ತು.

ಆಗ ಯಾರೋ ಕಿಸಕ್ಕನೆ ನಕ್ಕರು. ನಕ್ಕವಳು ಚೌಡಿ.

"ಯಾರು ನೀನು? ನಗುತ್ತೀಯಾ?" ದೊರೆ ಹುಬ್ಬು ಗಂಟಿಕ್ಕಿದ.

"ಗುಡ್ಡದೋಳು ಬುದ್ಧೀ, ಚೌಡಿ ಅಂತ. ಒಂದು ತೆಂಗಿನಕಾಯಿ ತರಿಸಿ. ಆ ರಾಶೀಲಿ ಹಿಡಿಗೆ ಬೆತ್ತ ಸುತ್ತಿರೋ ಕತ್ತಿ ನಂದು, ಅದನ್ನೂ ಕೊಡಿಸಿ."

ಕಾವಲಿನವರು ಈಟಿ ಎತ್ತಿದರು. ದೊರೆ ಬೇಡವೆಂದು ಕೈಸನ್ನೆ ಮಾಡಿದ. ಚೌಡಿ ಕಾಯನ್ನು ಎಡಗೈಯಲ್ಲಿ ಹಿಡಿದು, ಕತ್ತಿಯನ್ನು ಮಗುಚಿ, ಠಪ್ಪೆಂದು ಒಂದೇ ಏಟು ಹಾಕಿದಳು. ಕಾಯಿ ಎರಡು ಹೋಳಾಯಿತು.

"ಶತ್ರು ಬೆನ್ನಲ್ಲ ಬುದ್ಧೀ, ಕತ್ತಿ ಬೆನ್ನು. ಅಲಗಲ್ಲಿ ಹೊಡೆದ್ರೆ ಕತ್ತಿ ಬಾಯಿ ಹೋಗ್ತದೆ. ತಮ್ಮ ಅಡುಗೆಮನೇಲಿ ಕೇಳಿದ್ರೂ ಹೇಳ್ತಿದ್ರು."

ದೊರೆ ತುಟಿ ಕಚ್ಚಿಕೊಂಡ. "ಎರಡನೆಯದು ಕೇಳು. ಕತ್ತಿ ಎಣ್ಣೆ ಹಚ್ಚಿಕೊಂಡು ಮುಳ್ಳಿನ ಕೋಟೆಗೆ ನುಗ್ಗುತ್ತದೆ. ಕೊಯ್ದರೆ ರಕ್ತವಿಲ್ಲ, ಹಾಲು ಹರಿಯುತ್ತದೆ. ಒಳಗಿನ ಚಿನ್ನವನ್ನು ಹೆಂಗಸರು ಮಕ್ಕಳು ದೋಚುತ್ತಾರೆ. ಯಾವ ಕೋಟೆ?"

"ಗಡಿಯಾಚೆಯದೇ ಇರಬೇಕು" ಎಂದು ಕಂಬದಿಂದ ದಳವಾಯಿಯ ಮಗ ಗೊಣಗಿದ. ಕಟ್ಟಿಹಾಕಿದರೂ ಬುದ್ಧಿ ಬಂದಿರಲಿಲ್ಲ.

"ಹಲಸಿನಹಣ್ಣು" ಎಂದಳು ಚೌಡಿ. "ಎಣ್ಣೆ ಹಚ್ಚದಿದ್ರೆ ಮೇಣ ಅಂಟ್ಕೋತದೆ. ಬುದ್ಧೀ, ಇವು ಹಲಸು ಬಿಡಿಸ್ತಾ ನಮ್ಮಜ್ಜಿ ಹೇಳ್ತಿದ್ದ ಒಗಟು. ನಮ್ಮ ಒಗಟು ಇಟ್ಟು ನಮ್ಮ ತಲೇನೇ ಕೇಳ್ತೀರಾ? ತಮಗೆ ಇವನ್ನ ಯಾರು ಹೇಳ್ಕೊಟ್ರು?"

ಹಳಬರೆಲ್ಲ ನೆಲ ನೋಡಿದರು. ಹಿಂದೊಮ್ಮೆ ಕೋಟೆ ಶತ್ರುವಿನ ಪಾಲಾದಾಗ ತುಂಬು ಬಸುರಿ ರಾಣಿ ಗುಡ್ಡಕ್ಕೆ ಓಡಿದ್ದಳು. ವೀರಮಲ್ಲ ಹುಟ್ಟಿದ್ದೂ ಏಳು ವರ್ಷ ಬೆಳೆದದ್ದೂ ಹಟ್ಟಿಯಲ್ಲಿ. ಪಟ್ಟವೇರಿದ ಮೇಲೆ ಆ ಮಾತನ್ನು ಯಾರೂ ಎತ್ತಕೂಡದೆಂದು ಅವನೇ ಅಪ್ಪಣೆ ಮಾಡಿದ್ದ. ಗುಡ್ಡದಿಂದ ಬರುವ ಧೈರ್ಯ ಯಾರಿಗಿದೆ ಎಂದುಕೊಂಡೇ ಈ ಒಗಟುಗಳನ್ನು ಒಡ್ಡಿದ್ದ.

"ಮೂರನೆಯದು." ದೊರೆಯ ದನಿ ಇಳಿದಿತ್ತು. "ಒಂದೇ ಏಟು. ಅದರಿಂದ ಇಬ್ಬರು ಬದುಕಬೇಕು. ಏನನ್ನು ಕಡಿಯಬೇಕು?"

ಚೌಡಿ ಉತ್ತರ ಹೇಳದೆ ನೇರವಾಗಿ ಕಂಬದ ಹತ್ತಿರ ಹೋಗಿ ಕತ್ತಿ ಬೀಸಿದಳು. ಹಗ್ಗ ತುಂಡಾಗಿ ಇಬ್ಬರೂ ನೆಲಕ್ಕೆ ಕುಸಿದರು.

"ತಪ್ಪು! ಅದಲ್ಲ ಉತ್ತರ!" ದೊರೆ ಸಿಂಹಾಸನದಿಂದ ಎದ್ದ.

"ಯಾಕೆ, ಇಬ್ರು ಬದುಕಲಿಲ್ವಾ?" ಚೌಡಿ ಕತ್ತಿ ಕೆಳಗಿಡಲಿಲ್ಲ. "ತಮ್ಮ ಮನಸ್ಸಲ್ಲಿರೋದೂ ಗೊತ್ತು. ಹೊಕ್ಕುಳಬಳ್ಳಿ. ಅದನ್ನ ಕೊಯ್ದ್ರೆ ತಾಯೀನೂ ಉಳೀತಾಳೆ, ಕೂಸೂ ಉಳೀತದೆ. ತಮ್ಮದನ್ನ ನಮ್ಮಜ್ಜಿ ಈರವ್ವ ಕೊಯ್ದದ್ದು ಇದೇ ಕತ್ತೀಲಿ. ಇದು ಕೊಲ್ಲೋ ಆಯುಧ ಅಂತ ಇನ್ನೊಂದ್ಸಲ ಹೇಳಿ, ನೋಡೋಣ!"

ದೊರೆಯ ಕೈ ಅವನಿಗರಿವಿಲ್ಲದೆ ಹೊಕ್ಕುಳಿನ ಮೇಲೆ ಹೋಯಿತು.

"ಈರವ್ವ... ಇದ್ದಾಳೆಯೇ?"

"ಹೋದ ವರ್ಷ ತೀರ್ಕೊಂಡ್ಲು. ಕೊನೇವರೆಗೂ ತಮ್ಮನ್ನ 'ನನ್ನ ಮಗ' ಅಂತಲೇ ಅಂತಿದ್ಲು."

ದೊರೆಗೆ ನಾಚಿಕೆಯೂ ದುಃಖವೂ ಒಟ್ಟಿಗೇ ಬಂದವು. "ಏನು ಬೇಕು ಕೇಳು. ಅರ್ಧ ರಾಜ್ಯ ಕೇಳಿದರೂ ಕೊಡುತ್ತೇನೆ" ಎಂದ.

"ರಾಜ್ಯ ತಗೊಂಡು ನಾನೇನ್ಮಾಡ್ಲಿ? ಎಲ್ಲರ ಕತ್ತೀನೂ ವಾಪಸ್ ಬರಬೇಕು. ಕಿತ್ಕೊಂಡು ಬಂದೋರೇ ಹೊತ್ಕೊಂಡು ಬಂದು, ಎಲ್ಲಿಂದ ತೆಗೆದ್ರೋ ಅದೇ ಗೋಡೆಗೆ ಸಿಕ್ಕಿಸ್ಬೇಕು. ಬೇಗ ಆಗ್ಲಿ, ನಮ್ಮಕ್ಕ ಕಾಯ್ತಿದಾಳೆ."

ಕಿತ್ತುಕೊಂಡು ಬಂದಿದ್ದ ಸೈನಿಕರೇ ಕತ್ತಿ ಹೊತ್ತು ಗುಡ್ಡ ಹತ್ತಿದರು. ಜೀವ ಉಳಿದ ದಳವಾಯಿಯ ಮಗನೂ ಒಂದು ಹೊರೆ ಹೊತ್ತ. ಕೊನೆಯ ಗೋಡೆಗೆ ಕತ್ತಿ ಸಿಕ್ಕಿಸಿ ಬೆವರು ಒರೆಸಿಕೊಳ್ಳುವ ಹೊತ್ತಿಗೆ ಚೌಡಿಯ ಮನೆಯಿಂದ ಕೂಸಿನ ಅಳು ಕೇಳಿಸಿತು.

ಚೌಡಿ ಕತ್ತಿ ತೊಳೆದುಕೊಂಡು ಹೊರಗೆ ಬಂದಳು. ದಳವಾಯಿಯ ಮಗನ ಕೈಗೆ ಕತ್ತಿಯನ್ನೂ ಒಂದು ತೆಂಗಿನಕಾಯಿಯನ್ನೂ ಕೊಟ್ಟಳು.

"ಹೆಣ್ಣು ಮಗು. ಕಾಯಿ ಒಡೀರಿ, ಎಲ್ಲರಿಗೂ ಹಂಚೋಣ."

ಅವನು ಕತ್ತಿಯನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. ಆಮೇಲೆ ಮೆಲ್ಲನೆ ಕತ್ತಿಯನ್ನು ಮಗುಚಿದ.