ಹಿಂದೆ ಸರಿದ ಬಟ್ಟಲು

ತುಂಗಭದ್ರೆಯ ದಂಡೆಯಲ್ಲಿ ಒಂದು ದಿಬ್ಬ. ಅದರ ಮೇಲೆ ಅಡವಯ್ಯಜ್ಜನ ಮಠ. ಮಠವೆಂದರೆ ದೊಡ್ಡದೇನಲ್ಲ. ಎರಡು ಮಣ್ಣಿನ ಕೋಣೆ, ಅಂಗಳದಲ್ಲೊಂದು ಬೇವಿನ ಮರ.

ಶಿಷ್ಯನೂ ಒಬ್ಬನೇ, ಕರಿಬಸಯ್ಯ. ವಯಸ್ಸು ಮೂವತ್ತು ದಾಟಿದರೂ ಕಂಡದ್ದಕ್ಕೆಲ್ಲ ಕಾರಣ ಕೇಳುವ ಚಟ ಬಿಟ್ಟಿರಲಿಲ್ಲ.

ಒಂದು ಮುಂಜಾನೆ ಅಜ್ಜ ಕೌದಿ ಮಡಚುತ್ತಿದ್ದರು. ಕರಿಬಸಯ್ಯ ಎದುರು ಹೋಗಿ ನಿಂತ.

"ಅಜ್ಜಾರ, ಒಂದು ಧರ್ಮದವರಿಗೆ ಹಂದಿ ಹೊಲಸು. ಇನ್ನೊಬ್ಬರಿಗೆ ಮೈಮ್ಯಾಲೆ ಪೊರಿ ಇಲ್ಲದ ಮೀನ ಹೊಲಸು. ನಮ್ಮ ಅಂಬಿಗರ ಯಂಕಪ್ಪ ಎಲ್ಲಾ ತಿಂತಾನ, ಆಮಿ ಅಂದ್ರ ಮಾತ್ರ ಮಾರು ದೂರ ಸರೀತಾನ. ಒಬ್ಬರ ಹೊಲಸು ಇನ್ನೊಬ್ಬರ ಹಬ್ಬದೂಟ. ಇದರಾಗ ಏನರ ಅರ್ಥ ಐತೇನ್ರಿ?"

"ನಿನಗೇನ ಅನಸ್ತೈತಿ?"

"ಹಿಂದಿನವ್ರು ರೋಗಕ್ಕ ಅಂಜಿ ಬ್ಯಾಡ ಅಂದಿರಬೇಕು. ಈಗ ಅದು ಬರೇ ರೂಢಿ."

"ಇರಬಹುದು" ಎಂದು ಅಜ್ಜ ಕೌದಿಯ ಇನ್ನೊಂದು ತುದಿ ಹಿಡಿದರು.

ಈ "ಇರಬಹುದು" ಅಂದರೆ ಕರಿಬಸಯ್ಯನಿಗೆ ಆಗದು. ವಾದಕ್ಕೆ ನಿಂತವರನ್ನು ಗೆಲ್ಲಬಹುದು. ಇರಬಹುದು ಅಂದವರನ್ನು ಏನು ಮಾಡುವುದು?

ಅದೇ ವಾರ ದಾವಲಸಾಬರು ಬಂದರು. ಹತ್ತಿ ಹಿಂಜುವ ಪಿಂಜಾರರು, ಎಪ್ಪತ್ತರ ಮುದುಕರು. ವರ್ಷಕ್ಕೊಮ್ಮೆ ಹಿಂಜುವ ಬಿಲ್ಲು ಹೆಗಲಿಗೇರಿಸಿಕೊಂಡು ಬಂದು, ಮಠದ ಗಾದಿಗಳ ಗಂಟುಗಟ್ಟಿದ ಹತ್ತಿಯನ್ನು ಹಿಂಜಿ ಕೊಟ್ಟು ಹೋಗುವುದು ಅವರ ಪದ್ಧತಿ. ಅವರನ್ನು ಹರಿಗೋಲಿನಲ್ಲಿ ದಾಟಿಸಿ ತಂದವನು ಯಂಕಪ್ಪ. ಅಂದು ರಾತ್ರಿ ಅವನೂ ಮಠದಲ್ಲೇ ಉಳಿದ.

ಮರುದಿನ ಹೊಳೆ ಬಂತು. ದಿಬ್ಬದ ಸುತ್ತ ಕೆಂಪು ನೀರು. ನೆಲದೊಳಗೆ ಜೋಳ ತುಂಬಿಟ್ಟಿದ್ದ ಹಗೇವಿಗೂ ನೀರು ನುಗ್ಗಿತು. ಸೆಳವು ಇಳಿಯುವ ತನಕ ಹರಿಗೋಲು ಹಾಕುವಂತಿರಲಿಲ್ಲ. ನಾಲ್ಕು ಜನ ದಿಬ್ಬದ ಮೇಲೆ ಉಳಿದರು, ತಿನ್ನಲು ಬೇಲಿಯ ಸೊಪ್ಪು ಬಿಟ್ಟರೆ ಏನೂ ಇರಲಿಲ್ಲ.

ಬೇಯಿಸಿದ ಸೊಪ್ಪು ದಾವಲಸಾಬರ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಆದರೂ ಎರಡು ದಿನ ಅವರ ಬಿಲ್ಲಿನ ಸದ್ದು ನಿಲ್ಲಲಿಲ್ಲ. ಮೂರನೆಯ ದಿನ ಬಿಲ್ಲು ಎತ್ತಲು ಹೋದರು, ಕೈ ಏಳಲಿಲ್ಲ. ಗೋಡೆಗೆ ಒರಗಿ ಕೂತುಬಿಟ್ಟರು.

ಆ ಹೊತ್ತಿಗೇ ಯಂಕಪ್ಪ ಸೆಳವಿನಲ್ಲಿ ಕೊಚ್ಚಿ ಬಂದ ಕಾಡುಹಂದಿಯೊಂದನ್ನು ಹಗ್ಗ ಎಸೆದು ಎಳೆದುಕೊಂಡ. ದಿಬ್ಬದ ಆಚೆ ಮಗ್ಗುಲಿಗೆ ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿದ. ಅಜ್ಜ ಬೇಡ ಅನ್ನಲಿಲ್ಲ. ಯಂಕಪ್ಪನ ಒಲೆ ಯಂಕಪ್ಪನದು ಎಂದರು.

ಕರಿಬಸಯ್ಯ ಓಡಿ ದಾವಲಸಾಬರ ಹತ್ತಿರ ಬಂದ. ಅವನಿಗೆ ನಿಜವಾಗಿಯೂ ಭಯವಾಗಿತ್ತು. ಇನ್ನೊಂದು ದಿನ ಹೀಗೇ ಬಿಟ್ಟರೆ ಮುದುಕ ಉಳಿಯುವಂತೆ ಕಾಣಲಿಲ್ಲ.

"ಸಾಬ್ರ, ಇದು ಊರಹಂದಿ ಅಲ್ಲ. ಅಡವ್ಯಾಗ ಗಡ್ಡಿ ಗೆಣಸು ತಿಂದು ಬೆಳದದ್ದು. ಹೊಲಸಿಗೆ ಬಾಯಿ ಹಾಕಿದ್ದಲ್ಲ."

"ಖರೇ ಐತ್ರಿ. ಸ್ವಚ್ಛ ಪ್ರಾಣಿ."

"ಮತ್ತ ತಿನ್ರಿ."

"ಒಲ್ಲೆರಿ."

"ಪ್ರಾಣ ಹೋಗೂ ಹೊತ್ತಿನ್ಯಾಗ ತಿಂದ್ರ ತಪ್ಪಲ್ಲ ಅಂತ ನಿಮ್ಮಲ್ಲೇ ಹೇಳ್ಯಾರಲ್ರಿ?"

ದಾವಲಸಾಬರು ಬತ್ತಿದ ತುಟಿಯಲ್ಲೇ ನಕ್ಕರು.

"ಹೇಳ್ಯಾರ. ಆದ್ರ ಪ್ರಾಣ ಇನ್ನೂ ಹೊಂಟಿಲ್ಲ ಸ್ವಾಮಿ. ಹೊಟ್ಟಿ ಅಷ್ಟ ಒದರಾಕ ಹತ್ತೇತಿ. ಎಪ್ಪತ್ತು ವರ್ಷ ಅದರ ಮಾತು ನಾ ಕೇಳೀನಿ. ಎರಡು ದಿನ ನನ್ನ ಮಾತು ಅದು ಕೇಳ್ಲಿ."

ಒಲೆಯ ಕಡೆಯಿಂದ ಯಂಕಪ್ಪ ಕೂಗಿದ.

"ಅವ್ರಿಗೆ ಬುದ್ಧಿ ಹೇಳೂದು ಬಿಟ್ಟು ನೀವರ ಬರ್ರಿ ಬಸಯ್ಯನೋರ. ನೀವೂ ಉಪವಾಸ ಅದೀರಿ."

"ನಾ ಹ್ಯಾಂಗ ತಿನ್ಲಿ? ಜೀವಹಿಂಸೆ."

"ಅದು ನನ್ನ ಹಗ್ಗಕ್ಕ ಸಿಗೋದ್ರಾಗ ಅರ್ಧ ಸತ್ತಿತ್ತು. ಹಿಂಸೆ ಮಾಡಿದಾಕಿ ಹೊಳಿ. ಬರ್ರಿ."

ಕರಿಬಸಯ್ಯನ ಕಾಲು ಆ ಕಡೆ ಏಳಲಿಲ್ಲ. ಯಂಕಪ್ಪ ನಕ್ಕು ತನ್ನ ಪಾಡಿಗೆ ತಾನು ತಿಂದ.

ಮಧ್ಯಾಹ್ನದ ಹೊತ್ತಿಗೆ ದಾವಲಸಾಬರು ಕಣ್ಣು ಮುಚ್ಚಿದರು. ಕರೆದರೆ ಹೂಂ ಅನ್ನುತ್ತಿದ್ದರು, ಅಷ್ಟೇ.

ಕರಿಬಸಯ್ಯ ಒಂದು ನಿರ್ಧಾರಕ್ಕೆ ಬಂದ. ಒಂದು ಬಟ್ಟಲು ತೆಗೆದುಕೊಂಡ. ಅದಕ್ಕೆ ಸೊಪ್ಪು ಬೇಯಿಸಿದ ನೀರು ಸುರಿದ. ಯಂಕಪ್ಪನ ಕಣ್ಣು ತಪ್ಪಿಸಿ, ಅವನ ಗಡಿಗೆಯಿಂದ ಎರಡು ಸೌಟು ಸಾರು ಬೆರೆಸಿದ. ಮೇಲಷ್ಟು ಸೊಪ್ಪು ಹರಡಿದ. ಮುದುಕರಿಗೆ ತಿಳಿಯುವುದಿಲ್ಲ, ಜೀವ ಉಳಿಯುತ್ತದೆ. ಇದಕ್ಕಿಂತ ದೊಡ್ಡ ಪುಣ್ಯ ಯಾವುದು ಎಂದುಕೊಂಡ.

ಕೋಣೆಯ ಹೊಸ್ತಿಲಲ್ಲಿ ಅಜ್ಜ ಕೂತಿದ್ದರು.

"ಏನದು?"

"ಸೊಪ್ಪಿನ ನೀರ್ರಿ. ಸಾಬ್ರಿಗೆ."

"ನನಗೂ ಹಸದೈತಿ. ಒಂದು ಗುಟುಕು ಕೊಡು" ಎಂದು ಅಜ್ಜ ಬಟ್ಟಲಿಗೆ ಕೈ ಚಾಚಿದರು.

ಕರಿಬಸಯ್ಯ ಬಟ್ಟಲನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ. ಅರ್ಧ ಅವನ ಮೈಮೇಲೇ ಚೆಲ್ಲಿತು.

"ಯಾಕಪಾ?"

"ಅಜ್ಜಾರ, ಇದರಾಗ... ಯಂಕಪ್ಪನ ಗಡಿಗಿ ಸಾರು ಐತ್ರಿ."

"ನೀ ಹೇಳದಿದ್ರ ನನಗೂ ಗೊತ್ತಾಗ್ತಿದ್ದಿಲ್ಲ."

"ನಿಮಗ ಹ್ಯಾಂಗ ಕುಡಸ್ಲಿ?"

"ಯಾಕ? ಅಡವೀ ಹಂದಿ. ಗಡ್ಡಿ ಗೆಣಸು ತಿಂದದ್ದು. ನನಗೇನರ ರೋಗ ಬರ್ತದಂತ ಅಂಜಿದೇನು?"

"ಇಲ್ಲರಿ."

"ಮತ್ತ ಕೈ ಯಾಕ ಹಿಂದ ಬಂತು?"

ಕರಿಬಸಯ್ಯನಿಗೆ ಶಾಸ್ತ್ರ ನೆನಪಾಗಲಿಲ್ಲ, ವಾದ ನೆನಪಾಗಲಿಲ್ಲ. ಅಜ್ಜನಿಗೆ ಅದನ್ನು ಕುಡಿಸಲಾರೆ, ಅಷ್ಟು ಮಾತ್ರ ಗೊತ್ತಿತ್ತು. ದಾವಲಸಾಬರಿಗೆ ಕುಡಿಸಲು ಹೊರಟಾಗ ಈ ಕೈ ಹಿಂದೆ ಸರಿದಿರಲಿಲ್ಲ ಎಂಬುದೂ ಈಗ ಗೊತ್ತಾಯಿತು. ನಾಚಿಕೆಯಿಂದ ಮುಖ ಬಿಸಿಯಾಯಿತು.

ಉಳಿದದ್ದನ್ನು ಹೊಳೆಗೆ ಸುರಿದ. ಬಟ್ಟಲನ್ನು ಮಣ್ಣು ಹಾಕಿ ತಿಕ್ಕಿ ತೊಳೆದ. ಆಮೇಲೆ ದಾವಲಸಾಬರ ಹತ್ತಿರ ಹೋಗಿ ಕೂತ.

"ಸಾಬ್ರ, ನಿಮಗ ಗೊತ್ತಾಗದ್ಹಾಂಗ ಹಂದಿ ಸಾರು ಕುಡಸಾಕ ಹೊಂಟಿದ್ದೆ. ಅಜ್ಜಾರು ನನಗೂ ಕೊಡು ಅಂದ್ರು. ಅವ್ರಿಗೆ ಕುಡಸಾಕ ಕೈ ಹಿಂದ ಬಂತು."

ಮುದುಕರು ಕಣ್ಣು ತೆರೆದರು. ಅವನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗೋಡೆಯ ಕಡೆ ಮಗ್ಗುಲು ಬದಲಿಸಿದರು.

ಬೈದಿದ್ದರೆ ಕರಿಬಸಯ್ಯನಿಗೆ ಹಗುರಾಗುತ್ತಿತ್ತು.

ಮರುದಿನ ನೀರು ಇಳಿಯಿತು. ಯಂಕಪ್ಪ ಬೆಳಗ್ಗೆಯೇ ದಾಟಿ ಹೋಗಿ, ಬಿಸಿಲೇರುವಷ್ಟರಲ್ಲಿ ಜೋಳದ ಹಿಟ್ಟು ತಂದ. ಕರಿಬಸಯ್ಯ ತೆಳ್ಳಗೆ ಅಂಬಲಿ ಕಾಸಿದ. ಬಟ್ಟಲಿಗೆ ಹಾಕಿದ. ಆಮೇಲೆ ಅದನ್ನು ಹಿಡಿದುಕೊಂಡು ನಿಂತೇ ಇದ್ದ.

"ಅಜ್ಜಾರ, ನೀವ ಕೊಡ್ರಿ. ನನ್ನ ಕೈಯಾಗಿಂದು ಅವ್ರು ಮುಟ್ಟೂದಿಲ್ಲ. ಹೀಂಗ ಉಪವಾಸ ಬಿದ್ದು ಸಾಯ್ತಾರ."

"ಕಾಸಿದಾಂವ ನೀನು. ನೀನ ಹೋಗು."

ಕರಿಬಸಯ್ಯ ಹೋದ. ಮುದುಕರ ತಲೆಯ ಹಿಂದೆ ಕೈ ಕೊಟ್ಟು ಎತ್ತಿ ಕೂರಿಸಿದ. ಬಟ್ಟಲು ಮುಂದೆ ಹಿಡಿದ. ಇದರಲ್ಲಿ ಏನಿದೆ ಎಂದು ಹೇಳಲು ಬಾಯಿ ತೆರೆದ.

ಅಷ್ಟರಲ್ಲೇ ದಾವಲಸಾಬರು ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡರು. ಬಿಸ್ಮಿಲ್ಲಾ ಎಂದರು. ಅವನ ಮುಖವನ್ನೇ ನೋಡುತ್ತ ಕೊನೆಯ ಗುಟುಕಿನವರೆಗೂ ಕುಡಿದು, ಇನ್ನಷ್ಟು ಹಾಕು ಎಂದು ಬಟ್ಟಲು ಚಾಚಿದರು.

ಎಂಥ ಮನುಷ್ಯ ಇವರು ಎಂದು ಕರಿಬಸಯ್ಯನ ಎದೆ ತುಂಬಿ ಬಂತು. ಎರಡನೆಯ ಬಟ್ಟಲು ಕೊಟ್ಟು ಹೊರಗೆ ಬಂದವನು ಬೇವಿನ ಮರದ ಬುಡದಲ್ಲಿ ಕೂತು ಅತ್ತ. ಅಜ್ಜ ಬಂದು ಪಕ್ಕದಲ್ಲಿ ನಿಂತರು.

"ಅಜ್ಜಾರ, ಅವ್ರು ಬಟ್ಟಲದಾಗ ಇಣಿಕಿ ಸೈತ ನೋಡ್ಲಿಲ್ರಿ. ನಿನ್ನೆ ನಾ ಅಷ್ಟು ಹೇಳಿದ ಮ್ಯಾಲೂ, ನನ್ನ ಕೈಯಾಗಿಂದ ಹ್ಯಾಂಗ ಕುಡದ್ರು?"

"ನಿನ್ನ ಕೈನೂ ಹಿಂದ ಸರೀತೈತಿ, ನೀನೂ ಮುಟ್ಟಲಾರದ್ದು ಒಂದೈತಿ ಅಂತ ಅವ್ರಿಗೆ ನಿನ್ನೆ ಗೊತ್ತಾತಲ್ಲಪಾ" ಎಂದರು ಅಜ್ಜ.