ನಮ್ಮದೇ ನೆಲದ ಉಪ್ಪು

ಹೊನ್ನೆಕಾಡೆಂಬ ಒಂದು ಕಾಡಿನಲ್ಲಿ ಹಿಪ್ಪೆಮರಗಳು ಲೆಕ್ಕವಿಲ್ಲದಷ್ಟಿದ್ದವು. ಉಪ್ಪು ಮಾತ್ರ ಒಂದು ಚಿಟಿಕೆಯೂ ಇರಲಿಲ್ಲ. ಕಾಡಿನ ಪೂರ್ವಕ್ಕೆ ಬಂಡೆಗಳ ಒಂದು ದಿಣ್ಣೆ. ದಿಣ್ಣೆಯ ಆಚೆಗೆ ಉಪ್ಪುಕಣಿವೆ. ಅಲ್ಲಿನ ಬಿಳಿಮಣ್ಣನ್ನು ನೆಕ್ಕದಿದ್ದರೆ ಮೃಗಗಳ ಕಾಲಿಗೆ ಬಲವಿರುತ್ತಿರಲಿಲ್ಲ, ತಾಯಂದಿರ ಕೆಚ್ಚಲಿನಲ್ಲಿ ಹಾಲು ನಿಲ್ಲುತ್ತಿರಲಿಲ್ಲ. ಆದುದರಿಂದ ಕಣಿವೆಯ ಸುತ್ತಲಿನ ನಾಲ್ಕು ಕಾಡುಗಳು ಬಹುಕಾಲದ ಹಿಂದೆಯೇ ಒಂದು ಒಕ್ಕೂಟವನ್ನು ಕಟ್ಟಿಕೊಂಡಿದ್ದವು. ಬಿದಿರುಕಾಡಿನವರು ಕಳಲೆ ತರುತ್ತಿದ್ದರು. ಗುಡ್ಡದ ಕಾಡಿನವರು ನೆಲ್ಲಿಕಾಯಿ ತರುತ್ತಿದ್ದರು. ಹೊಳೆಸಾಲಿನವರು ಗೆಡ್ಡೆಗೆಣಸು, ಹೊನ್ನೆಕಾಡಿನವರು ಹಿಪ್ಪೆಹೂ. ಗೊತ್ತಾದ ದಿನ ಎಲ್ಲರೂ ಕಣಿವೆಯಲ್ಲಿ ಕೂಡುತ್ತಿದ್ದರು. ತಂದುದನ್ನು ಹಂಚಿಕೊಂಡು, ಉಪ್ಪು ನೆಕ್ಕಿ, ಹರಟೆ ಹೊಡೆದು ಮರಳುತ್ತಿದ್ದರು.

ಒಕ್ಕೂಟಕ್ಕೆ ನಿಯಮಗಳಿದ್ದವು. ಹಿಪ್ಪೆಹೂವನ್ನು ನೆರಳಿನಲ್ಲಿ ಒಣಗಿಸಿಯೇ ತರಬೇಕೆಂಬುದು ಅವುಗಳಲ್ಲೊಂದು. ಹಿಂದೊಮ್ಮೆ ಹಸಿ ಹೂವನ್ನು ರಾಶಿಮಾಡಿ ತಂದಾಗ ಅದು ದಾರಿಯಲ್ಲೇ ಹುಳಿತಿತ್ತು. ತಿಂದ ಕರಡಿಗಳು ಅಮಲೇರಿ, ಒಂದನ್ನೊಂದು ತಬ್ಬಿಕೊಂಡು, ಕಾರಣವಿಲ್ಲದೆ ಅತ್ತಿದ್ದವು. ನಿಯಮ ಹುಟ್ಟಿದ್ದು ಅಂದು. ಕಾಲಾನಂತರದಲ್ಲಿ ಕಾರಣ ಮರೆತುಹೋಯಿತು, ನಿಯಮ ಉಳಿಯಿತು.

ಹೊನ್ನೆಕಾಡಿನವರಿಗೆ ಇನ್ನೊಂದು ನೋವೂ ಇತ್ತು. ಒಕ್ಕೂಟದ ಹಿರಿಯಳಾದ ಆನೆಯಮ್ಮನ ನೆನಪಿನ ಶಕ್ತಿಯನ್ನು ಎಲ್ಲರೂ ಕೊಂಡಾಡುತ್ತಿದ್ದರು. ಬತ್ತಿಹೋದ ಕೆರೆಗಳ ದಾರಿಯೂ ಆಕೆಗೆ ನೆನಪಿತ್ತು. ಹೊನ್ನೆಕಾಡೆಂಬ ಹೆಸರೊಂದು ಮಾತ್ರ ನೆನಪಿಗೆ ಬರುತ್ತಿರಲಿಲ್ಲ. “ಹಿಪ್ಪೆಯವರೇ, ಸ್ವಲ್ಪ ಆ ಕಡೆ ನಿಲ್ಲಿ” ಎಂದೇ ಆಕೆ ಅವರನ್ನು ಕರೆಯುತ್ತಿದ್ದಳು.

ಈ ನೋವನ್ನು ಮೊದಲು ಗುರುತಿಸಿದವನು ಶಲ್ಯಕನೆಂಬ ಮುಳ್ಳುಹಂದಿ. ಅವನು ಸೊಗಸಾದ ಮಾತುಗಾರ. ಮಾತಿನ ನಡುವೆ ಬೆನ್ನ ಮುಳ್ಳುಗಳನ್ನು ಒಮ್ಮೆ ಝಲ್ಲೆನಿಸಿದರೆ ಕೇಳುವವರ ಮೈ ನವಿರೇಳುತ್ತಿತ್ತು. ನಮ್ಮ ಹೂವನ್ನು ಹೇಗೆ ಒಣಗಿಸಬೇಕೆಂದು ಹೇಳಲು ಅವರು ಯಾರು ಎಂದು ಅವನು ಕೇಳಿದನು. ನಮ್ಮ ಹೆಸರನ್ನೇ ಅರಿಯದವರ ಮುಂದೆ ನಾವೇಕೆ ಸಾಲಿನಲ್ಲಿ ನಿಲ್ಲಬೇಕೆಂದು ಕೇಳಿದನು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಒಕ್ಕೂಟದಿಂದ ಹೊರಬಂದು, ದಿಣ್ಣೆಯ ದಾರಿಗೆ ಸೀಗೆಮುಳ್ಳಿನ ಬೇಲಿ ಹಾಕಿ, ನಮ್ಮ ಕಾಡನ್ನು ನಾವೇ ಆಳಿಕೊಳ್ಳೋಣ ಎಂಬುದು ಅವನ ಉತ್ತರ.

ಶಲ್ಯಕನಿಗೆ ಒಂದು ಬಿಲವಿತ್ತು. ಅವನ ಮುತ್ತಜ್ಜಂದಿರು ದಿಣ್ಣೆಯ ಅಡಿಯಲ್ಲಿ ತೋಡಿದ ಬಿಲ. ಅದರ ಒಂದು ಬಾಯಿ ಹೊನ್ನೆಕಾಡಿನಲ್ಲಿತ್ತು. ಇನ್ನೊಂದು ಬಾಯಿ ಉಪ್ಪುಕಣಿವೆಯಲ್ಲಿತ್ತು. ಈ ಸಂಗತಿ ಅವನ ಯಾವ ಭಾಷಣದಲ್ಲಿಯೂ ಬರಲಿಲ್ಲ.

ಒಕ್ಕೂಟವನ್ನು ಬಿಡಬಾರದೆಂದು ವಾದಿಸಿದವನು ತುಂಗಶಾಖನೆಂಬ ಮುಸುವ. ಅವನು ಬಲ್ಲವನು. ಅವನು ಹೇಳಿದ್ದೆಲ್ಲವೂ ಸತ್ಯವಾಗಿತ್ತು. ಆದರೆ ಅದನ್ನು ಅತ್ತಿಮರದ ತುದಿಯಲ್ಲಿ ಕುಳಿತು, ಬಾಲವನ್ನು ಇಳಿಬಿಟ್ಟು, ಅರ್ಧ ತನಗೇ ಹೇಳಿಕೊಳ್ಳುವಂತೆ ಹೇಳುತ್ತಿದ್ದನು. ಕೆಳಗಿನವರಿಗೆ ಕೇಳುತ್ತಿದ್ದುದು, “ಇದು ನಿಮಗೆ ಅರ್ಥವಾಗುವುದು ಕಷ್ಟ” ಎಂಬ ಕೊನೆಯ ವಾಕ್ಯ ಮಾತ್ರ.

ಸಭೆಯಲ್ಲಿ ಸಾಕವ್ವನೆಂಬ ಕಡವೆ ಎದ್ದು ನಿಂತಳು. ಅವಳ ಪಕ್ಕದಲ್ಲಿ ಕಾಲು ನಡುಗುವ ಎಳೆಯ ಕರು. “ಹೊರಗೆ ಬಂದ ಮೇಲೆ ಉಪ್ಪು ಎಲ್ಲಿಂದ ಬರುತ್ತದೆ? ನನ್ನ ಕರುವಿಗೆ ಹಾಲು ಬೇಕು” ಎಂದಳು.

ಶಲ್ಯಕನು ಮುಳ್ಳುಗಳನ್ನು ಝಲ್ಲೆನಿಸಿ, “ಸಾಕವ್ವ, ಮಾನ ದೊಡ್ಡದೋ ಉಪ್ಪು ದೊಡ್ಡದೋ?” ಎಂದು ಕೇಳಿದನು. ತುಂಗಶಾಖನು ಮೇಲಿನಿಂದ, ಅದನ್ನು ತಾನು ಮೊದಲೇ ವಿವರಿಸಿರುವೆನೆಂದನು. ಸಾಕವ್ವನ ಪ್ರಶ್ನೆ ಎದ್ದ ಜಾಗದಲ್ಲೇ ಕುಳಿತುಕೊಂಡಿತು.

ಹೊನ್ನೆಕಾಡಿನಲ್ಲಿ ದೊಡ್ಡ ತೀರ್ಮಾನಗಳನ್ನು ಹೆಜ್ಜೆಯ ಗುರುತಿನಿಂದ ಮಾಡುವ ರೂಢಿಯಿತ್ತು. ತೊರೆಯ ದಂಡೆಯಲ್ಲಿ ಹಸಿಮಣ್ಣಿನ ಎರಡು ಪಟ್ಟಿಗಳು. ಒಪ್ಪಿದವರು ಒಂದರ ಮೇಲೆ, ಒಪ್ಪದವರು ಇನ್ನೊಂದರ ಮೇಲೆ ನಡೆಯಬೇಕು. ಸಂಜೆ ಕಾಡಿನ ಯಜಮಾನನಾದ ಮುದಿ ಕಾಡುಕೋಣ ಕಾಟಿಯಜ್ಜನು ಯಾವುದರಲ್ಲಿ ಗುರುತು ದಟ್ಟವಾಗಿದೆಯೆಂದು ನೋಡಿ ಹೇಳಬೇಕು. ಎರಡೇ ಕಾಲಿನ ನವಿಲುಗಳು ಇದು ಅನ್ಯಾಯವೆಂದು ತಲೆಮಾರುಗಳಿಂದ ದೂರುತ್ತಲೇ ಇದ್ದವು. ಹಾವುಗಳಂತೂ ಈ ವಿಷಯವನ್ನು ಮಾತನಾಡುವುದನ್ನೇ ಬಿಟ್ಟಿದ್ದವು.

ಬಿಡುವವರ ಪಟ್ಟಿಯನ್ನು ಆರಿಸುವ ಹೊಣೆಯನ್ನು ಶಲ್ಯಕನೇ ಹೊತ್ತನು. ಕಾಡುಹಂದಿಗಳು ದಿನವೂ ಹೊರಳುವ ಕೆಸರುಗುಂಡಿಯನ್ನೇ ಅವನು ತೋರಿಸಿದನು. ಅಂದು ಬಿಸಿಲು ಬಲವಾಗಿತ್ತು. ಹಂದಿಗಳ ಮುಖಂಡನಾದ ಭೈರನು ತನ್ನ ಬಳಗದೊಡನೆ ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಹೊರಳಾಡಿ, ಎದ್ದು, ಮತ್ತೆ ಇಳಿದನು. ದೇಶಸೇವೆ ಇಷ್ಟು ತಂಪಾಗಿರುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಇತ್ತ ಉಳಿಯುವವರ ಪಟ್ಟಿಯಲ್ಲಿ ಸಾಕವ್ವ ನಡೆದಳು, ಕೆಲವು ಜಿಂಕೆಗಳು ನಡೆದವು. ಮುಸುವಗಳು ಮಾತ್ರ ಮರದಿಂದ ಇಳಿಯಲಿಲ್ಲ. ಸತ್ಯ ತಮ್ಮ ಪರವಾಗಿರುವಾಗ ಕಾಲು ಕೆಸರಾಗಿಸಿಕೊಳ್ಳಬೇಕಾದ ಅಗತ್ಯವಿಲ್ಲವೆಂದು ತುಂಗಶಾಖನು ಭಾವಿಸಿದ್ದನು.

ಕಾಟಿಯಜ್ಜನು ಎರಡೂ ಪಟ್ಟಿಗಳನ್ನು ನೋಡಿದನು. ಬಿಡುವವರ ಪಟ್ಟಿಯಲ್ಲಿ ಪಟ್ಟಿಯೇ ಕಾಣುತ್ತಿರಲಿಲ್ಲ. ಹೊನ್ನೆಕಾಡು ಒಕ್ಕೂಟದಿಂದ ಹೊರಬಂದಿತು.

ಮರುದಿನವೇ ಬೇಲಿ ಎದ್ದಿತು. ಕಣಿವೆಯ ಕಡೆಯಿಂದ ಬರುವ ಯಾರನ್ನೂ ಒಳಗೆ ಬಿಡಕೂಡದೆಂಬ ನಿಯಮವನ್ನು ಶಲ್ಯಕನು ಮಾಡಿಸಿದನು. ಬೇಲಿಯ ಕಾವಲು ಭೈರನಿಗೆ ಸಿಕ್ಕಿತು. ಇನ್ನು ಹೂವನ್ನು ಒಣಗಿಸಬೇಕಾಗಿರಲಿಲ್ಲ. ಹಸಿ ಹಿಪ್ಪೆಯ ರಾಶಿಗಳು ಹುಳಿತವು. ಇಡೀ ಕಾಡು ಅದನ್ನು ತಿಂದು ಅಮಲೇರಿ, ಒಬ್ಬರನ್ನೊಬ್ಬರು ತಬ್ಬಿಕೊಂಡು, ಕಾರಣವಿಲ್ಲದೆ ಅತ್ತಿತು. ಇದೇ ಸ್ವಾತಂತ್ರ್ಯವೆಂದು ಎಲ್ಲರೂ ಒಪ್ಪಿದರು. ಅಮಲು ಇಳಿದ ಮೇಲೆ ಕಾಟಿಯಜ್ಜನು ಹೊಸ ನಿಯಮವೊಂದನ್ನು ಸಾರಿದನು: ಹಿಪ್ಪೆಹೂವನ್ನು ನೆರಳಿನಲ್ಲಿ ಒಣಗಿಸಿಯೇ ತಿನ್ನತಕ್ಕದ್ದು. ಈ ಸಲ ಅದು ಸ್ವಂತ ನಿಯಮವಾಗಿತ್ತು.

ಒಣಗಿದ ಹೂವಿನ ರಾಶಿ ಬೆಳೆಯಿತು. ಕೊಳ್ಳುವವರಿರಲಿಲ್ಲ. ಉಪ್ಪಿರಲಿಲ್ಲ. ಜಿಂಕೆಗಳು ಬಂಡೆಗಳನ್ನು ನೆಕ್ಕತೊಡಗಿದವು. ಸಾಕವ್ವನ ಹಾಲು ದಿನದಿನಕ್ಕೆ ತೆಳುವಾಯಿತು. ಒಂದು ಮಧ್ಯಾಹ್ನ ಅವಳ ಕರು ಕಾಟಿಯಜ್ಜನ ಬಳಿಗೆ ನಡೆದುಹೋಗಿ, ಅವನ ಬೆವರಿದ ಭುಜವನ್ನು ಮೆಲ್ಲಗೆ ನೆಕ್ಕಿತು. ಯಜಮಾನನು ಅಲುಗಾಡದೆ ನಿಂತುಕೊಂಡನು. ಕರು ತೃಪ್ತಿಯಾಗಿ ಹೋಗುವವರೆಗೂ ಅವನು ಎಲ್ಲಿಯೋ ನೋಡುತ್ತಿದ್ದನು.

ಆಗ ಶಲ್ಯಕನು ಶುಭವಾರ್ತೆ ತಂದನು. ಹೊನ್ನೆಕಾಡಿನ ಮಣ್ಣಿನಲ್ಲೇ ಉಪ್ಪಿನ ಸೆಲೆಯೊಂದು ತನಗೆ ಸಿಕ್ಕಿದೆಯೆಂದನು. ಪರರ ಹಂಗಿಲ್ಲದ, ನಮ್ಮದೇ ನೆಲದ ಉಪ್ಪು. ಅಗೆಯುವ ಶ್ರಮಕ್ಕೆ ಪ್ರತಿಯಾಗಿ ಒಳ್ಳೆಯ ಗೆಡ್ಡೆಗಳನ್ನೂ ಉದುರಿದ ಕೊಂಬುಗಳನ್ನೂ ತಂದುಕೊಟ್ಟರೆ ಸಾಕೆಂದನು. ಕೊಂಬು ಕಡಿಯುವುದೆಂದರೆ ಮುಳ್ಳುಹಂದಿಗಳಿಗೆ ಪ್ರಾಣ. ಬಿಲದ ಬಾಯಲ್ಲಿ ಗೆಡ್ಡೆಗಳ ಗುಡ್ಡೆ ಬಿದ್ದಿತು. ಶಲ್ಯಕನು ಹಗಲೆಲ್ಲ ಅಗಿದು ದುಂಡಗಾದನು.

ಆ ಉಪ್ಪನ್ನು ನಾಲಗೆಗೆ ಹಚ್ಚಿದ ಕ್ಷಣವೇ ಅದು ಎಲ್ಲಿಯದೆಂದು ಎಲ್ಲರಿಗೂ ತಿಳಿಯಿತು. ಬಾಲ್ಯದಿಂದ ನೆಕ್ಕಿದ ರುಚಿ ಅದು. ಆದರೆ ಯಾರೂ ಬಾಯಿ ಬಿಡಲಿಲ್ಲ. ಬೇಲಿ ಹಾಕಿದವರಿಗೆ ಹೇಳಲು ನಾಚಿಕೆ. ಬೇಲಿ ಬೇಡವೆಂದವರಿಗೆ, ಹೇಳಿದರೆ ಉಪ್ಪು ನಿಂತೀತೆಂಬ ಭಯ.

ಸಾಕವ್ವನೂ ಬಾಯಲ್ಲಿ ಗೆಡ್ಡೆ ಕಚ್ಚಿಕೊಂಡು ಬಂದಳು. ಒಂದು ಸಲ ನೆಕ್ಕಿ ತಲೆಯೆತ್ತಿದಳು.

“ಶಲ್ಯಕಣ್ಣ, ಇದು ಕಣಿವೆಯ ಉಪ್ಪು.”

“ಉಪ್ಪಿಗೆ ಇಂಥದೇ ಊರು ಅಂತ ಇರುತ್ತದೆಯೆ, ಸಾಕವ್ವ? ಎಲ್ಲ ಕಡೆಯೂ ಅದೇ ರುಚಿ.”

“ಹಾಗಾದರೆ ಬೇಲಿ ಯಾಕೆ ಹಾಕಿಸಿದೆ, ಅಣ್ಣ?”

ಶಲ್ಯಕನು ಮುಳ್ಳುಗಳನ್ನು ಝಲ್ಲೆನಿಸಿದನು. ಮರುದಿನದಿಂದ ಸಾಕವ್ವನ ಪಾಲಿಗೆ ಉಪ್ಪು ಮುಗಿದಿದೆಯೆಂದು ತಿಳಿಸಲಾಯಿತು.

ದಿಣ್ಣೆಯ ಆಚೆಗೂ ಮಾನವಂತರೇ ಇದ್ದರು. ಹಿಪ್ಪೆಯವರು ಬೇಲಿ ಹಾಕಿದರೆಂದು ಕೇಳಿ ಆನೆಯಮ್ಮ ಮುನಿದಿದ್ದಳು. ತಮ್ಮ ಕಡೆಯಲ್ಲಿ ಆ ಕಾಡಿಗೆ ಹೋಗುವ ಕಿಂಡಿಗಳೇನಾದರೂ ಇದ್ದರೆ ಮುಚ್ಚಿಬಿಡಿ ಎಂದಳು. ಹುಡುಕುತ್ತ ಹೋದಾಗ ಪೊದೆಯೊಂದರ ಹಿಂದೆ ಬಿಲದ ಬಾಯಿ ಕಂಡಿತು. ಆಕೆಯೇ ಒಂದು ಬಂಡೆಯನ್ನು ಉರುಳಿಸಿ ಅದನ್ನು ಮುಚ್ಚಿದಳು.

ಅಂದು ಸಂಜೆ ಶಲ್ಯಕನು ಎಂದಿನಂತೆ ಉಪ್ಪಿಗಾಗಿ ಬಿಲದೊಳಗೆ ಹೊರಟನು. ನಡುವಿನಲ್ಲಿ ಬಿಲ ಕಿರಿದಾಗಿತ್ತು. ದುಂಡಗಾದ ಮೈಯನ್ನು ಹೇಗೋ ನುಗ್ಗಿಸಿಕೊಂಡು ಮುಂದೆ ಸಾಗಿದನು. ಕೊನೆಯಲ್ಲಿ ಅವನ ಮೂಗು ಬಂಡೆಗೆ ತಾಗಿತು. ತಿರುಗಲು ಜಾಗವಿರಲಿಲ್ಲ. ಹಿಂದಕ್ಕೆ ಸರಿಯಲು ನೋಡಿದನು. ಮುಳ್ಳುಹಂದಿಯ ಮುಳ್ಳುಗಳೆಲ್ಲ ಹಿಂದಕ್ಕೆ ಬಾಗಿರುತ್ತವೆ. ಮುಂದೆ ಹೋಗುವಾಗ ಅವು ಮೈಗೆ ಒರಗಿಕೊಂಡು ದಾರಿ ಬಿಡುತ್ತವೆ; ಹಿಂದೆ ಬರುವಾಗ ನೆಟ್ಟಗೆದ್ದು ಗೋಡೆಗೆ ನಾಟುತ್ತವೆ. ಶಲ್ಯಕನು ಒದ್ದಾಡಿದಷ್ಟೂ ನಾಟಿಕೊಂಡನು.

ಬೆಳಗಾದಾಗ ದಿಣ್ಣೆಯ ಅಡಿಯಿಂದ, ಆಚೆಯ ಬಾಯಿಗೆ ಬಂಡೆ ಬಿದ್ದಿದೆಯೆಂದು ನರಳುವ ದನಿ ಕೇಳಿಸಿತು. ಎಲ್ಲರೂ ಬೇಲಿಯ ಬಳಿ ಕೂಡಿದರು. ನಮ್ಮದೇ ನೆಲದ ಉಪ್ಪಿನ ಸೆಲೆ ಎಲ್ಲಿತ್ತೆಂಬುದು ಈಗ ಬಾಯಿಬಿಟ್ಟು ಹೇಳಬೇಕಾದ ವಿಷಯವಾಗಿ ಉಳಿದಿರಲಿಲ್ಲ. ಬಂಡೆಯನ್ನು ಆಚೆಯಿಂದಲೇ ತೆಗೆಯಬೇಕಿತ್ತು. ಅದಕ್ಕಾಗಿ ಒಕ್ಕೂಟವನ್ನು ಕೇಳಬೇಕೋ ಬೇಡವೋ ಎಂದು ಚರ್ಚೆ ಮೊದಲಾಯಿತು.

ಕೇಳಿದರೆ ಮಾನ ಹೋಗುತ್ತದೆಂದನು ಭೈರ. ಕೇಳುವ ಮೊದಲು, ತಾನು ಅಂದು ಹೇಳಿದ್ದು ಸರಿಯೆಂದು ಸಭೆ ಒಪ್ಪಿಕೊಳ್ಳಬೇಕೆಂದನು ತುಂಗಶಾಖ, ಕೊಂಬೆಯ ಮೇಲಿನಿಂದ. ಶಲ್ಯಕನ ತಲೆ ಅವರ ನೆಲದಲ್ಲಿರುವುದರಿಂದ ಅವನು ಅವರಿಗೆ ಸೇರಿದವನೆಂದು ಒಬ್ಬರು ವಾದಿಸಿದರು; ಬಾಲ ನಮ್ಮಲ್ಲಿರುವುದರಿಂದ ನಮ್ಮವನೇ ಎಂದು ಇನ್ನೊಬ್ಬರು. ಆಗ ನೆಲದೊಳಗಿನಿಂದ ಕ್ಷೀಣವಾದ ಮಾತೊಂದು ಬಂತು.

“ನೋಡಿ, ನಾನು ಮೊದಲಿನಿಂದಲೂ ಒಕ್ಕೂಟದ ಪರವೇ ಇದ್ದೆ.”

ಸಾಕವ್ವ ಅಲ್ಲಿ ನಿಲ್ಲಲಿಲ್ಲ. ಅವಳ ಕರು ಅಂದು ಎದ್ದು ನಿಂತಿರಲೇ ಇಲ್ಲ. ಅವಳು ಬೇಲಿಗೆ ಎದೆಕೊಟ್ಟು ನುಗ್ಗಿದಳು. ಸೀಗೆಮುಳ್ಳು ಪಕ್ಕೆಗಳನ್ನು ಗೀರಿತು. ಭೈರನು ತಡೆಯಬೇಕಿತ್ತು. ಆದರೆ ಕಣಿವೆಯ ಕಡೆಯಿಂದ ಬರುವವರನ್ನು ತಡೆಯೆಂದಷ್ಟೇ ಅವನಿಗೆ ಹೇಳಿದ್ದರು. ಹೋಗುವವರ ಬಗ್ಗೆ ನಿಯಮವಿರಲಿಲ್ಲ.

ಕಣಿವೆಯಲ್ಲಿ ಆನೆಯಮ್ಮ ಅವಳನ್ನು ನೋಡಿ, “ಯಾರು? ಹಿಪ್ಪೆಯವಳೇ?” ಎಂದಳು.

“ಹೊನ್ನೆಕಾಡಿನವಳು, ಅಮ್ಮ. ಆ ಹೆಸರನ್ನು ನೀವು ನೆನಪಿಟ್ಟುಕೊಂಡಿದ್ದರೆ ನಮ್ಮಲ್ಲಿ ಅರ್ಧ ಜನ ಅಂದು ಕೆಸರಿಗೆ ಇಳಿಯುತ್ತಿರಲಿಲ್ಲ.”

ಆನೆಯಮ್ಮನ ಕಿವಿಗಳು ನಿಂತವು. ಅನಂತರ ಸೊಂಡಿಲಿನಿಂದ ಬಿಳಿಮಣ್ಣಿನ ಕಡೆಗೆ ತೋರಿಸಿದಳು. ಸಾಕವ್ವ ನೆಕ್ಕಿದಳು. ಕಣ್ಣುಮುಚ್ಚಿ ನೆಕ್ಕಿದಳು. ಸಾಕಾದ ಮೇಲೆ ತಲೆಯೆತ್ತಿ, ಬಂಡೆಯ ಕೆಳಗೊಬ್ಬ ಸಿಕ್ಕಿಕೊಂಡಿದ್ದಾನೆಂದು ತಿಳಿಸಿದಳು. ಅವನು ನಿನಗೇನಾಗಬೇಕೆಂದು ಆನೆಯಮ್ಮ ಕೇಳಿದಳು. “ಏನೂ ಆಗಬೇಕಿಲ್ಲ. ಆದರೆ ಉಸಿರಾಡುತ್ತಿದ್ದಾನೆ” ಎಂದಳು ಸಾಕವ್ವ.

ಬಂಡೆ ಉರುಳಿತು. ಶಲ್ಯಕನು ಹೊರಗೆ ಬಂದನು. ಅವನ ಬೆನ್ನು ಬೋಳಾಗಿತ್ತು. ಮುಳ್ಳುಗಳೆಲ್ಲ ಬಿಲದ ಗೋಡೆಯಲ್ಲಿ ಉಳಿದಿದ್ದವು. ಹಿಂದಿರುಗಲು ಬಿಲದೊಳಗೆ ಇಣುಕಿದರೆ, ಅವನ ಮುಳ್ಳುಗಳೇ ಒತ್ತೊತ್ತಾಗಿ ನಿಂತು ದಾರಿಗೆ ಅಡ್ಡವಾಗಿದ್ದವು. ಬೇರೆ ಗತಿಯಿಲ್ಲದೆ ಅವನು ದಿಣ್ಣೆ ಹತ್ತಿ ಬೇಲಿಯ ಬಳಿಗೆ ಬಂದನು. ಸಾಕವ್ವ ಮಾಡಿದ ಕಿಂಡಿಯ ಮುಂದೆ ಭೈರನು ನಿಂತಿದ್ದನು.

“ದಾರಿ ಬಿಡು ಭೈರ, ನಾನು ಶಲ್ಯಕ.”

ಭೈರನು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದನು. ಅವನು ನಿಯಮವನ್ನು ನಂಬುವ ಪ್ರಾಣಿ.

“ಶಲ್ಯಕಸ್ವಾಮಿಗಳಿಗೆ ಮುಳ್ಳುಗಳಿದ್ದವು. ಕಣಿವೆಯ ಕಡೆಯಿಂದ ಬಂದವರನ್ನು ಬಿಡಬಾರದೆಂದು ಅವರೇ ಹೇಳಿದ್ದಾರೆ” ಎಂದನು.

ಶಲ್ಯಕನು ಬೆನ್ನನ್ನು ಅಲುಗಿಸಿದನು. ಸದ್ದು ಬರಲಿಲ್ಲ.

ಬೋಳುಬೆನ್ನಿನ ಆ ಪ್ರಾಣಿ ಅಂದಿನಿಂದ ಬೇಲಿಯ ಆಚೆಗೇ, ಒಂದು ಬಂಡೆಯ ಸಂದಿಯಲ್ಲಿ ವಾಸವಾಯಿತು. ಅದರ ಸುತ್ತ ಬೇಕಾದಷ್ಟು ಉಪ್ಪಿತ್ತು, ಒಂದು ಗೆಡ್ಡೆಯೂ ಇರಲಿಲ್ಲ. ಅದರ ಗೆಡ್ಡೆಗಳ ಗುಡ್ಡೆ ಹೊನ್ನೆಕಾಡಿನಲ್ಲಿ ಮೊಳಕೆಯೊಡೆಯಿತು.

ಸಾಕವ್ವ ಭೈರನ ಕಣ್ಣು ತಪ್ಪಿಸಿ ಮರಳಿದಳು; ಹಾಲು ಕುಡಿದು ಅವಳ ಕರು ಎದ್ದು ನಿಂತಿತು. ಮತ್ತೆ ಸೇರಬೇಕೋ ಬೇಡವೋ ಎಂಬ ಚರ್ಚೆ ಹೊನ್ನೆಕಾಡಿನಲ್ಲಿ ಮುಂದುವರಿಯಿತು. ಇನ್ನೊಮ್ಮೆ ಹೆಜ್ಜೆಯ ಗುರುತು ನೋಡೋಣವೆಂದರೆ ಬೇಸಗೆಗೆ ಕೆಸರು ಬಿರಿದಿತ್ತು. ಅಷ್ಟರಲ್ಲಿ ಜಿಂಕೆಗಳು ಒಂದೊಂದಾಗಿ ಬೇಲಿಯ ಕಿಂಡಿಯಿಂದ ಹೋಗಿಬರತೊಡಗಿದವು. ಒಕ್ಕೂಟದವರೆಲ್ಲ ನೆಕ್ಕಿ ಮುಗಿಸಿದ ಮೇಲೆ, ಸುಡುಬಿಸಿಲಿನಲ್ಲಿ, ಹೊರಗಿನವರ ಸಾಲಿನಲ್ಲಿ ಅವು ನಿಲ್ಲಬೇಕಿತ್ತು. ಮರಳುವವರು ಕಣಿವೆಯ ಕಡೆಯಿಂದಲೇ ಬರುತ್ತಿದ್ದರು. ಅಂಥ ಹೊತ್ತಿನಲ್ಲಿ ಭೈರನಿಗೆ ನಿದ್ದೆ ಬರುತ್ತಿತ್ತು. ಒಂದು ದಿನ ಅವನೂ ಸಾಲಿನ ಕೊನೆಯಲ್ಲಿ ತಲೆತಗ್ಗಿಸಿ ನಿಂತಿದ್ದನು. ಅವನ ಹಿಂದೆ, ಬಾಲವನ್ನು ಧೂಳಿಗೆ ತಾಗದಂತೆ ಎತ್ತಿಹಿಡಿದು, ತುಂಗಶಾಖನು ನಿಂತಿದ್ದನು. ಇಬ್ಬರೂ ಪರಸ್ಪರರನ್ನು ಗುರುತಿಸಲಿಲ್ಲ.

ಅಷ್ಟು ಹೊತ್ತಿಗೆ ಆನೆಯಮ್ಮ ಸಾಲಿನ ಕಡೆಗೆ ತಿರುಗಿದಳು. ಒಂದು ಕ್ಷಣ ತಡವರಿಸಿ ಕರೆದಳು.

“ಹೊನ್ನೆಕಾಡಿನವರು ಬನ್ನಿ.”

ನೀತಿ: ದಾರಿಯನ್ನು ಮುಚ್ಚಿರೆಂದು ನಮಗೆ ಹೇಳುವವನು ತನಗಾಗಿ ಕಿಂಡಿಯೊಂದನ್ನು ಉಳಿಸಿಕೊಂಡಿದ್ದಾನೆಯೇ ಎಂದು ಮೊದಲು ನೋಡಬೇಕು, ತೆರೆದಿಡಿರೆಂದು ಹೇಳುವವನು ನೆಲಕ್ಕಿಳಿದು ಹೇಳಬೇಕು.